ಸೈನಿಕ ಲಾಂಛನಗಳ ಕಾಲನಿರ್ಣಯ: ಪಿನ್ನು ಕೊಕ್ಕೆಗಳ ಸಾಕ್ಷ್ಯ

ಕಾಲವನ್ನು ನಮೂದಿಸದ ಶಾಸನವೊಂದು ದೊರೆತಾಗ ವಿದ್ವಾಂಸರು ಅದರಲ್ಲಿ ಬರುವ ಬಿರುದಾವಳಿಯನ್ನು ಮಾತ್ರ ನಂಬಿ ಕುಳಿತುಕೊಳ್ಳುವುದಿಲ್ಲ. ಅಕ್ಷರಗಳ ತಿರುವನ್ನೂ ತಲೆಕಟ್ಟನ್ನೂ ಪರೀಕ್ಷಿಸುತ್ತಾರೆ. ಬಿರುದನ್ನು ಯಾರು ಬೇಕಾದರೂ ಬರೆಸಿಕೊಳ್ಳಬಹುದು. ತನ್ನ ಕಾಲದ ಕೈವಾಡವನ್ನು ಮರೆಸುವುದು ಮಾತ್ರ ಕಂಡರಿಸುವವನಿಗೆ ಸುಲಭವಲ್ಲ. ಪಶ್ಚಿಮ ಗಂಗರ ಹೆಸರಿನಲ್ಲಿ ದೊರೆತ ಅನೇಕ ತಾಮ್ರಶಾಸನಗಳನ್ನು ಜೆ. ಎಫ್. ಫ್ಲೀಟರು ಕೃತಕವೆಂದು ವಾದಿಸಿದಾಗ ಅವರು ಹಿಡಿದ ಆಧಾರಗಳಲ್ಲಿ ಲಿಪಿಯೂ ಒಂದಾಗಿತ್ತೆಂಬುದು ವಾಚಕರಿಗೆ ತಿಳಿದದ್ದೇ ಆಗಿದೆ. ಅಷ್ಟೇ ಅಲ್ಲ, ತಾಮ್ರಪಟಗಳನ್ನು ಪ್ರಕಟಿಸುವವರು ಅವನ್ನು ಕೋದಿರುವ ಬಳೆ ತಮ್ಮ ಕೈಸೇರುವ ಮೊದಲೇ ಕತ್ತರಿಸಲ್ಪಟ್ಟಿತ್ತೇ, ಇಲ್ಲವೇ ಎಂಬುದನ್ನೂ ಬರೆದಿಡುತ್ತಾರೆ. ಬರಹಕ್ಕೆ ಇರುವಂತೆ ಬರಹವನ್ನು ಹಿಡಿದಿಟ್ಟ ಬಳೆಗೂ ಸಾಕ್ಷಿಯ ಸ್ಥಾನವುಂಟು.

ಈ ನ್ಯಾಯವನ್ನು ಇನ್ನೊಂದು ಬಗೆಯ ಲೋಹದ ವಸ್ತುವಿಗೆ ಅನ್ವಯಿಸುವುದೇ ಈ ಲೇಖನದ ಉದ್ದೇಶ. ಆ ವಸ್ತು ಸೈನಿಕರ ಬಿಲ್ಲೆ. ಟೋಪಿಯ ಮೇಲೆ, ಕೊರಳಪಟ್ಟಿಯ ಮೇಲೆ, ಹೆಗಲಿನ ಮೇಲೆ ಧರಿಸುವ ಲಾಂಛನ. ಅದರ ಮುಖದ ಮೇಲೆ ಆನೆ, ಸಿಂಹ, ಕಿರೀಟ, ಕತ್ತಿ, ದಳದ ಹೆಸರು ಮೊದಲಾದುವು ಇರುತ್ತವೆ. ಬೆನ್ನಿನ ಮೇಲೆ ಅದನ್ನು ಬಟ್ಟೆಗೆ ಸಿಕ್ಕಿಸಲು ಮಾಡಿದ ಕುಣಿಕೆ, ಪಟ್ಟಿ, ಪಿನ್ನು, ಕೊಕ್ಕೆ ಅಥವಾ ತಿರುಪು ಇರುತ್ತದೆ. ಮುಖವನ್ನು ಎಲ್ಲರೂ ನೋಡುತ್ತಾರೆ. ಬೆನ್ನನ್ನು ನೋಡುವವರು ವಿರಳ. ಆದರೆ ಬಿಲ್ಲೆ ಯಾವಾಗ ತಯಾರಾಯಿತು ಎಂಬ ಪ್ರಶ್ನೆಗೆ ಅನೇಕ ವೇಳೆ ಬೆನ್ನೇ ಹೆಚ್ಚು ಪ್ರಾಮಾಣಿಕವಾದ ಉತ್ತರ ಕೊಡುತ್ತದೆ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ನೀಲಗಿರಿಯ ನಮ್ಮ ಕಡೆ ಸೈನ್ಯದ ಸಂಬಂಧ ಇಲ್ಲದ ಊರು ಕಡಿಮೆ. ಹಿಂದೆ ಜಕ್ಕತಲವೆನಿಸಿಕೊಂಡು ಅನಂತರ ವೆಲಿಂಗ್ಟನ್ ಎಂದು ಹೆಸರಾದ ದಂಡು ಹತ್ತಿರದಲ್ಲಿಯೇ ಇದೆ. ಮದ್ರಾಸ್ ರೆಜಿಮೆಂಟಿನ ಕೇಂದ್ರ ಅಲ್ಲಿದೆ. ಹಲವು ವರ್ಷಗಳ ಹಿಂದೆ ತರಗತಿಯಲ್ಲಿ ನಾನು 1803ರ ಅಸ್ಸಾಯೆ ಕದನದ ಪಾಠ ಮಾಡುತ್ತಿದ್ದೆ. ಆ ವರ್ಷದ ಸೆಪ್ಟೆಂಬರ್ 23ರಂದು ಆರ್ಥರ್ ವೆಲ್ಲೆಸ್ಲಿ ಮರಾಠರ ಸೈನ್ಯವನ್ನು ಸೋಲಿಸಿದನು. ಆ ಗೆಲುವಿನ ನೆನಪಿಗಾಗಿ ಅಲ್ಲಿ ಕಾದಿದ ಕೆಲವು ದಳಗಳಿಗೆ ಆನೆಯ ಲಾಂಛನ ದೊರೆಯಿತು. ಆತನೇ ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಆದವನು. ನಮ್ಮ ನೆರೆಯ ದಂಡಿನ ಹೆಸರೂ ಆತನದೇ. ಮರುದಿನ ಒಬ್ಬ ಹುಡುಗನು ತನ್ನ ತಾತನ ಪೆಟ್ಟಿಗೆಯಿಂದ ಒಂದು ಚಿಕ್ಕ ಬಿಲ್ಲೆಯನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಗುರಾಣಿಯ ಮೇಲೆ ಆನೆ, ಅಡ್ಡಡ್ಡಲಾಗಿ ಎರಡು ಕತ್ತಿ. ನಾನು ಮುಖವನ್ನು ನೋಡಿದೆ, ಪಾಠದ ಉತ್ಸಾಹದಲ್ಲಿದ್ದೆ, “ಇದು ಅಸ್ಸಾಯೆಯ ಆನೆ; ನಿಮ್ಮ ಮನೆತನದವರು ಆ ಕಾಳಗದಲ್ಲಿ ಇದ್ದರೋ ಏನೋ!” ಎಂದುಬಿಟ್ಟೆ. ಮಾತು ಊರೆಲ್ಲ ಹರಡಿತು. ಆ ಮನೆಯವರು ಬಿಲ್ಲೆಯನ್ನು ದೇವರ ಗೂಡಿನಲ್ಲಿಟ್ಟರು.

ಎಷ್ಟೋ ದಿನಗಳ ಮೇಲೆ ನಿವೃತ್ತ ಸುಬೇದಾರರೊಬ್ಬರು ಅದನ್ನು ಕೈಗೆ ತೆಗೆದುಕೊಂಡರು. ಅವರು ಮೊದಲು ಮಾಡಿದ ಕೆಲಸ ಅದನ್ನು ಮಗುಚಿ ನೋಡಿದ್ದು. ಬೆನ್ನಿನಲ್ಲಿ ಎರಡು ಮೊನಚು ಮುಳ್ಳುಗಳೂ ಅವುಗಳ ಮೇಲೆ ಒತ್ತಿ ಕೂರಿಸುವ, ಎರಡು ರೆಕ್ಕೆಗಳಿರುವ ಸ್ಪ್ರಿಂಗಿನ ಮುಚ್ಚಳಗಳೂ ಇದ್ದುವು. “ಮೇಷ್ಟ್ರೇ, ಇದು ನಮ್ಮ ಕಾಲದ್ದು, ಕೋಟಿಗೆ ಹಾಕಿಕೊಳ್ಳುವುದು” ಎಂದು ಅವರು ನಕ್ಕರು. ಅಂತಹ ಮುಚ್ಚಳವು ಎರಡನೆಯ ಮಹಾಯುದ್ಧದ ನಡುವೆ, 1940ರ ದಶಕದಲ್ಲಿ, ಬಳಕೆಗೆ ಬಂದದ್ದು. ಆದ್ದರಿಂದ ಆ ಬಿಲ್ಲೆ 1803ಕ್ಕೆ ಒಂದೂಕಾಲು ಶತಮಾನಕ್ಕೂ ಮಿಕ್ಕು ಈಚಿನದು. ಅದು ಆ ತಾತನದೇ. ಆತ ಸ್ವತಂತ್ರ ಭಾರತದ ಸೈನ್ಯದಲ್ಲಿ ಸೇವೆ ಸಲ್ಲಿಸಿ ಬಂದಿದ್ದವನು. ಆ ಸೇವೆಯನ್ನು ಕುರಿತು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಇಲ್ಲದ ಕೀರ್ತಿಯೊಂದನ್ನು ಕೊಡಲು ಹೋಗಿ ನಾನು ಇದ್ದ ಕೀರ್ತಿಯನ್ನು ಮುಚ್ಚಿದ್ದೆ. ಲಾಂಛನದ ವಯಸ್ಸು ಬೇರೆ, ಲೋಹದ ವಯಸ್ಸು ಬೇರೆ ಎಂಬ ಪಾಠ ಆ ದಿನ ಮನಸ್ಸಿನಲ್ಲಿ ನಾಟಿತು.

ಸಿಕ್ಕಿಸುವ ಸಾಧನದಿಂದ ಕಾಲವನ್ನು ಅರಿಯುವ ಕ್ರಮ ಇತ್ತೀಚಿನದಲ್ಲ. ಯೂರೋಪಿನ ಪ್ರಾಕ್ತನ ಶಾಸ್ತ್ರದಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಗುಂಡಿಗಳು ವ್ಯಾಪಕವಾಗುವ ಮೊದಲು ಅಲ್ಲಿನ ಜನರು ಮೇಲುಹೊದಿಕೆಯನ್ನು ಹೆಗಲ ಬಳಿ ಒಂದು ಲೋಹದ ಪಿನ್ನಿನಿಂದ ಬಂಧಿಸುತ್ತಿದ್ದರು. ಸ್ವೀಡನ್ನಿನ ಆಸ್ಕರ್ ಮೊಂಟೇಲಿಯಸ್ ಎಂಬ ವಿದ್ವಾಂಸನು ಇಂತಹ ಪಿನ್ನುಗಳ ಸ್ಪ್ರಿಂಗು, ಬಿಲ್ಲು, ಕೊಕ್ಕೆಗಳು ಹಂತಹಂತವಾಗಿ ಹೇಗೆ ಮಾರ್ಪಟ್ಟುವೆಂಬುದನ್ನು ಸಾಲಾಗಿ ಜೋಡಿಸಿ ತೋರಿಸಿದನು. ಆತನ ವಿಧಾನವನ್ನು ವಿವರಿಸುವ ಗ್ರಂಥ 1903ರಲ್ಲಿ ಪ್ರಕಟವಾಯಿತು. ಕುದುರೆಗಾಡಿಯ ರೂಪದಲ್ಲಿ ಆರಂಭವಾದ ರೈಲಿನ ಡಬ್ಬಿ ಕ್ರಮೇಣ ತನ್ನದೇ ರೂಪ ತಾಳಿದುದನ್ನು ಆತನು ಇದಕ್ಕೆ ದೃಷ್ಟಾಂತವಾಗಿ ಕೊಟ್ಟಿದ್ದಾನೆ. ಮನುಷ್ಯನ ಕೈ ಹೊಸದನ್ನು ಮಾಡುವಾಗಲೂ ಹಳೆಯದರ ಜಾಡಿನಲ್ಲಿಯೇ ನಡೆಯುತ್ತದೆ. ಆದಕಾರಣ ವಸ್ತುಗಳಿಗೂ ವಂಶಾವಳಿ ಇರುತ್ತದೆ.

ರೋಮನ್ ಸೈನಿಕರ ಪಿನ್ನುಗಳೇ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರಿಸ್ತಶಕದ ಆರಂಭದ ಆಸುಪಾಸಿನ ಸೇನಾನೆಲೆಗಳಲ್ಲಿ ಸ್ಪ್ರಿಂಗಿಗೆ ಬದಲಾಗಿ ಕೀಲಿನ ಮೇಲೆ ತಿರುಗುವ ಮುಳ್ಳುಳ್ಳ ಒಂದು ಬಗೆಯ ಪಿನ್ನು ಧಾರಾಳವಾಗಿ ದೊರೆಯುತ್ತದೆ. ಕೆಲವುಗಳ ಮೇಲೆ ‘ಆಸಿಸ್ಸ’ ಎಂಬ ಹೆಸರಿನ ಮುದ್ರೆ ಇರುವುದರಿಂದ ಇಡೀ ಬಗೆಗೇ ಆ ಹೆಸರು ನಿಂತಿದೆ. ಮೂರನೆಯ ಶತಮಾನದಿಂದ ಐದನೆಯ ಶತಮಾನದವರೆಗೆ ಅಡ್ಡಬಿಲ್ಲಿನ ಆಕಾರದ ದೊಡ್ಡ ಪಿನ್ನು ಸೈನಿಕರ ಮತ್ತು ಅಧಿಕಾರಿಗಳ ಹೆಗಲಿನ ಮೇಲೆ ಪದವಿಯ ಗುರುತಾಯಿತು. ಇಟಲಿಯ ಮೊಂಜಾದಲ್ಲಿರುವ ದಂತದ ಫಲಕದಲ್ಲಿ ಸೇನಾಪತಿ ಸ್ಟಿಲಿಕೋ ಅದನ್ನು ಧರಿಸಿ ನಿಂತಿದ್ದಾನೆ. ಇಲ್ಲಿ ಸಿಕ್ಕಿಸುವ ಸಾಧನವೂ ಲಾಂಛನವೂ ಒಂದೇ ಆಗಿವೆ. ಮುಂದೆ 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಎಂಬಾತ ಸುರುಳಿಯೂ ಮೊನೆಯನ್ನು ಮುಚ್ಚುವ ಕೊಕ್ಕೆಯೂ ಇರುವ ಪಿನ್ನಿಗೆ ಹಕ್ಕುಪತ್ರ ಪಡೆದನು. ಇಂದು ಮನೆಮನೆಯಲ್ಲಿರುವ ಸೇಫ್ಟಿ ಪಿನ್ನು ಅದೇ. ಸುರುಳಿಯ ತತ್ತ್ವ ಮಾತ್ರ ಪ್ರಾಚೀನರಿಗೂ ಗೊತ್ತಿದ್ದದ್ದೇ.

ಇನ್ನು ನಮ್ಮ ದೇಶದಲ್ಲಿ ಹೆಚ್ಚಾಗಿ ಕೈಗೆ ಸಿಗುವ ಬ್ರಿಟಿಷ್ ಪದ್ಧತಿಯ ಬಿಲ್ಲೆಗಳಿಗೆ ಬರೋಣ. ಇವು ಸಾಮಾನ್ಯವಾಗಿ ಹಿತ್ತಾಳೆಯ ಅಥವಾ ನಿಕಲ್ ಬೆರೆತ ಬಿಳಿಯ ಲೋಹದ ತಗಡನ್ನು ಅಚ್ಚಿನಲ್ಲಿಟ್ಟು ಒತ್ತಿ ಮಾಡಿದಂಥವು. ಮುಖದಲ್ಲಿ ಉಬ್ಬಿದ್ದು ಬೆನ್ನಿನಲ್ಲಿ ಕುಳಿಯಾಗಿರುತ್ತದೆ. ಒತ್ತಿದ ಮೇಲೆ ಬೆನ್ನಿಗೆ ಬೆಸುಗೆಯಿಂದ ಸಾಧನವನ್ನು ಸೇರಿಸುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಬಿಲ್ಲೆಗಳಲ್ಲಿ ಈ ಸಾಧನ ಬಹುಮಟ್ಟಿಗೆ ತಂತಿಯ ಕುಣಿಕೆ. ಕುಣಿಕೆಗಳನ್ನು ಟೋಪಿಯ ಬಟ್ಟೆಯಲ್ಲಿ ತೂರಿಸಿ ಒಳಗಡೆಯಿಂದ ಒಂದು ಸೀಳುಪಿನ್ನನ್ನು ಹಾಯಿಸಿದರೆ ಬಿಲ್ಲೆ ಭದ್ರವಾಗುತ್ತದೆ. 1878ರಲ್ಲಿ ಬಂದ ನೀಲಿಬಟ್ಟೆಯ ಶಿರಸ್ತ್ರಾಣದ ದೊಡ್ಡ ಫಲಕಗಳಿಗೆ ಇಂತಹ ಮೂರು ಕುಣಿಕೆಗಳಿರುತ್ತವೆ. ಚಿಕ್ಕ ಟೋಪಿಬಿಲ್ಲೆಗಳಿಗೆ ಎರಡು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಿಪಾಯಿಗಳ ಟೋಪಿಬಿಲ್ಲೆಗಳಲ್ಲಿ ಇನ್ನೊಂದು ಸಾಧನ ಬಳಕೆಗೆ ಬಂದಿತು. ಅದು ಬೆನ್ನಿನ ಉದ್ದಕ್ಕೆ ಕೆಳಮುಖವಾಗಿ ಇಳಿಬಿಟ್ಟ ಚಪ್ಪಟೆಯಾದ ಲೋಹದ ಪಟ್ಟಿ. ಟೋಪಿಯಲ್ಲಿನ ಸೀಳಿನೊಳಗೆ ಅದನ್ನು ಜಾರಿಸಿದರೆ ಸಾಕು. ತೆಗೆದು ಉಜ್ಜಿ ಮರಳಿ ಹಾಕುವುದಕ್ಕೆ ಅನುಕೂಲ. 1902ರ ಮೇಲೆ ರೂಢಿಗೆ ಬಂದ ಅಧಿಕಾರಿಗಳ ಖಾಕಿ ಉಡುಪಿನ ಕಂಚಿನ ಬಣ್ಣದ ಬಿಲ್ಲೆಗಳಲ್ಲಿ ಎರಡು ತೆಳುವಾದ ಲೋಹದ ನಾಲಗೆಗಳು ಕಾಣುತ್ತವೆ. ಅವನ್ನು ಬಟ್ಟೆಯಲ್ಲಿ ತೂರಿಸಿ ಒಳಗೆ ಮಡಿಸುತ್ತಿದ್ದರು.

ಈಗ ಮುಖವೂ ಬೆನ್ನೂ ಒಂದಕ್ಕೊಂದು ಹೇಗೆ ಸಾಕ್ಷಿಯಾಗುತ್ತವೆಂಬುದನ್ನು ನೋಡಬಹುದು. ಮುಖದ ಮೇಲಿನ ಕಿರೀಟ ಕಾಲವನ್ನು ಸೂಚಿಸುವ ಪ್ರಸಿದ್ಧ ಗುರುತು. ವಿಕ್ಟೋರಿಯಾ ರಾಣಿಯ ಕಾಲದ ಕಿರೀಟದ ರೂಪ ಒಂದು. 1901ರ ಮೇಲೆ ದೊರೆಗಳ ಕಾಲದಲ್ಲಿ ಕಮಾನುಗಳು ಗುಮ್ಮಟದಂತೆ ದುಂಡಗಿರುವ ರೂಪ ಇನ್ನೊಂದು. ಎರಡನೆಯ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ ನಡುವೆ ತಗ್ಗಿರುವ ರೂಪ ಮತ್ತೊಂದು. ವಿಕ್ಟೋರಿಯಾ ಕಿರೀಟದ ಟೋಪಿಬಿಲ್ಲೆಯ ಬೆನ್ನಿನಲ್ಲಿ ಕುಣಿಕೆಗಳ ಬದಲು ಜಾರುಪಟ್ಟಿ ಇದ್ದರೆ ಸಂಶಯಪಡುವುದು ನ್ಯಾಯ. ಕೂಡಲೇ ಕೃತಕವೆಂದು ತೀರ್ಪು ಕೊಡಬೇಕಾಗಿಲ್ಲ, ಹೆಚ್ಚಿನ ವಿಚಾರಣೆ ಅವಶ್ಯವೆಂದು ತಿಳಿಯಬೇಕು. ಇದಕ್ಕೆ ಪ್ರತಿಯಾಗಿ ಕುಣಿಕೆ ಇದ್ದ ಮಾತ್ರಕ್ಕೆ ಬಿಲ್ಲೆ ಹಳೆಯದೆಂದು ಹೇಳುವಂತಿಲ್ಲ. ಜಾರುಪಟ್ಟಿ ಬಂದ ಮೇಲೂ ಸ್ಕಾಟ್ಲೆಂಡಿನ ದಳಗಳಲ್ಲಿ ಕುಣಿಕೆಯೇ ಬಹುಕಾಲ ಉಳಿಯಿತು. ಇನ್ನೂ ಒಂದು ಸ್ವಾರಸ್ಯವಿದೆ. 2022ರಲ್ಲಿ ಮೂರನೆಯ ಚಾರ್ಲ್ಸ್ ದೊರೆ ದುಂಡು ಕಮಾನಿನ ಕಿರೀಟವನ್ನೇ ಮತ್ತೆ ಆರಿಸಿಕೊಂಡನು. ಹೀಗಾಗಿ ಮೊದಲನೆಯ ಮಹಾಯುದ್ಧದ ಬಿಲ್ಲೆಯ ಮೇಲೂ ಇಂದಿನ ಬಿಲ್ಲೆಯ ಮೇಲೂ ಹೋಲುವ ಕಿರೀಟಗಳೇ ಇರುತ್ತವೆ. ಮುಖ ಒಂದನ್ನೇ ನಂಬಿದವರಿಗೆ ಮುಂದೆ ತೊಡಕು ಹೆಚ್ಚುವುದು ನಿಶ್ಚಯ.

ಯುದ್ಧದ ಬಡತನವೂ ಬಿಲ್ಲೆಗಳಲ್ಲಿ ತನ್ನ ಗುರುತನ್ನು ಬಿಟ್ಟಿದೆ. 1916ರಲ್ಲಿ ಬಿಳಿಯ ಲೋಹವನ್ನು ಉಳಿಸುವುದಕ್ಕಾಗಿ, ಹಿಂದೆ ಎರಡು ಲೋಹಗಳಲ್ಲಿ ಮಾಡುತ್ತಿದ್ದ ಅನೇಕ ಬಿಲ್ಲೆಗಳನ್ನು ಪೂರ್ತಿಯಾಗಿ ಹಿತ್ತಾಳೆಯಲ್ಲಿಯೇ ಒತ್ತಿದರು. ಎರಡನೆಯ ಮಹಾಯುದ್ಧದಲ್ಲಿ ಹಿತ್ತಾಳೆಗೂ ಅಭಾವ ಬಂದಿತು. ಆಗ ಪ್ಲಾಸ್ಟಿಕ್ಕಿನಲ್ಲಿ ಬಿಲ್ಲೆಗಳನ್ನು ಮಾಡಿ ಬೆನ್ನಿನಲ್ಲಿ ಮಡಿಸುವ ಲೋಹದ ನಾಲಗೆಗಳನ್ನು ಕೂರಿಸಿದರು. 1950ರ ದಶಕದಿಂದ ಹೊಳಪು ಮಾಸದ ಅಲ್ಯೂಮಿನಿಯಮ್ ಬಿಲ್ಲೆಗಳು ಬಂದುವು. ಸಿಪಾಯಿಗೆ ದಿನವೂ ಹಿತ್ತಾಳೆ ಉಜ್ಜುವ ಕೆಲಸ ತಪ್ಪಿತು. ಅಮೆರಿಕದ ಸೈನ್ಯದಲ್ಲಿ ಮೊದಲನೆಯ ಮಹಾಯುದ್ಧದ ಕೊರಳಪಟ್ಟಿಯ ಬಿಲ್ಲೆಗಳಿಗೆ ಬೆನ್ನಿನಲ್ಲಿ ತಿರುಪಿನ ಕಡ್ಡಿಯೂ ಅದಕ್ಕೆ ದುಂಡಗಿನ ಬಿರಡೆಯೂ ಇರುತ್ತಿದ್ದುವು. ನಮ್ಮ ಹೆಂಗಸರ ಓಲೆಯ ತಿರುಪನ್ನು ನೆನೆದರೆ ಅದರ ರಚನೆ ಥಟ್ಟನೆ ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ನಡುವೆ ತಿರುಪಿನ ಸ್ಥಾನಕ್ಕೆ ಒತ್ತುಮುಚ್ಚಳ ಬಂದಿತು. ನನ್ನನ್ನು ತಿದ್ದಿದ್ದು ಇದೇ ಮುಚ್ಚಳ.

ಎದೆಯ ಮೇಲೆ ಧರಿಸುವ ಪಿನ್ನುಬಿಲ್ಲೆಗಳಲ್ಲಿ ಕೊಕ್ಕೆಯನ್ನು ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಳ್ಳಿನ ತುದಿ ಒಂದು ತೆರೆದ, ಬಾಗಿದ ಕೊಕ್ಕೆಯಲ್ಲಿ ಕೂರುತ್ತಿತ್ತು. ಅದನ್ನು ಮುಚ್ಚುವ ಬೀಗ ಇರಲಿಲ್ಲ. ಮುಳ್ಳಿನ ಬುಡದಲ್ಲಿ ಕೊಳವೆಯಾಕಾರದ ಕೀಲು ಇರುತ್ತಿತ್ತು. ಕೆಲವು ವೇಳೆ ಮುಳ್ಳು ಬಿಲ್ಲೆಯ ಅಂಚನ್ನು ಮೀರಿ ಚಾಚಿರುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ತಿರುಗಿಸಿ ಮುಚ್ಚುವ ಕೊಕ್ಕೆ ಹರಡಿತು. ಆದ್ದರಿಂದ ತಿರುಗುವ ಕೊಕ್ಕೆಯುಳ್ಳ ಪಿನ್ನನ್ನು 1857ರ ದಂಗೆಯ ಕಾಲದ್ದೆಂದು ಯಾರಾದರೂ ಹೇಳಿದರೆ ನಾವು ಆಧಾರ ಕೇಳಬೇಕು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಈ ಕಾಲಕ್ರಮ ಬರ್ಮಿಂಗ್‌ಹ್ಯಾಮಿನ ಮತ್ತು ಅಮೆರಿಕದ ಕಾರ್ಖಾನೆಗಳದು. ನಮ್ಮ ಅಕ್ಕಸಾಲಿಗನ ಅಂಗಡಿಯದಲ್ಲ. 1943ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಅಮೆರಿಕದ ವಾಯುಪಡೆಯ ಆಡಳಿತಕ್ಕೆ ಬಂದಿತ್ತು. ಆ ಯುದ್ಧದ ವರ್ಷಗಳಲ್ಲಿ ಭಾರತದಲ್ಲಿದ್ದ ಅಮೆರಿಕನ್ ವೈಮಾನಿಕರು ತಮ್ಮ ರೆಕ್ಕೆಯ ಲಾಂಛನಗಳನ್ನು ಇಲ್ಲಿನ ಪೇಟೆಗಳ ಬೆಳ್ಳಿ ಕೆಲಸದವರಿಂದಲೂ ಮಾಡಿಸಿಕೊಳ್ಳುತ್ತಿದ್ದರು. ಅಕ್ಕಸಾಲಿಗನು ತನಗೆ ಬಂದ ರೀತಿಯಲ್ಲಿ ತಂತಿಯನ್ನು ಬಾಗಿಸಿ ತೆರೆದ ಕೊಕ್ಕೆಯನ್ನು ಬೆಸೆಯುತ್ತಿದ್ದನು. ಯೂರೋಪಿನ ಪಟ್ಟಿಯನ್ನು ಕಣ್ಣುಮುಚ್ಚಿ ಅನ್ವಯಿಸಿದರೆ 1944ರಲ್ಲಿ ಕೈಯಿಂದ ಮಾಡಿದ ಕೊಕ್ಕೆ 1860ರದೆಂದು ತೋರಬಹುದು. ಎರಡು ಕಡೆಗಳ ಕುಶಲತೆಗೆ ಒಂದೇ ಪಂಚಾಂಗವನ್ನು ಹಿಡಿಯಬಾರದು. ಈ ದೇಶದಲ್ಲಿದ್ದು ಅಧ್ಯಯನ ಮಾಡುವ ನಮಗೆ ಅದು ವಿಶೇಷವಾಗಿ ಗಮನಿಸಬೇಕಾದ ಅಂಶ.

ನಮ್ಮ ಸೀಮೆಗೆ ಸಂಬಂಧಿಸಿದ ಎರಡು ಉದಾಹರಣೆಗಳಿಂದ ವಿಷಯ ಸ್ಪಷ್ಟವಾಗಬಹುದು. ಮೊದಲನೆಯದು ಮದ್ರಾಸಿನ ಹಳೆಯ ದಳಗಳ ಹೆಗಲಪಟ್ಟಿಯ ಹಿತ್ತಾಳೆ ಅಕ್ಷರಗಳು. 1903ರಲ್ಲಿ ಭಾರತದ ಸೈನ್ಯಕ್ಕೆಲ್ಲ ಒಂದೇ ಸಾಲಿನ ಅಂಕಿಗಳನ್ನು ಕೊಟ್ಟಾಗ ಮದ್ರಾಸಿನ ಕಾಲ್ದಳಗಳ ಹಿಂದಿನ ಅಂಕಿಗೆ 60 ಕೂಡಿಸಲಾಯಿತು; ಮದ್ರಾಸಿನ ಒಂದನೆಯ ಪಯೋನಿಯರ್ ದಳ 61 ಆಯಿತು. 1922ರಲ್ಲಿ ಈ ಏರ್ಪಾಡು ಮತ್ತೆ ಬದಲಾಯಿತು. ಆದುದರಿಂದ 61 ಎಂಬ ಅಂಕಿಯ ಪಯೋನಿಯರ್ ಬಿಲ್ಲೆಯ ಮುಖ 1903ರಿಂದ 1922ರವರೆಗಿನ ಅವಧಿಯನ್ನು ಹೇಳುತ್ತದೆ. ಬೆನ್ನಿನಲ್ಲಿ ಸವೆದ ಕುಣಿಕೆಗಳಿದ್ದರೆ ಎರಡು ಸಾಕ್ಷಿಗಳೂ ಹೊಂದುತ್ತವೆ. ಒತ್ತುಮುಚ್ಚಳದ ಮುಳ್ಳುಗಳಿದ್ದರೆ, ಒಂದೋ ಅದು ಈಚಿನ ಪ್ರತಿಕೃತಿ, ಅಥವಾ ಹಳೆಯ ಬಿಲ್ಲೆಗೆ ಹೊಸ ಬೆನ್ನು ಬೆಸೆಯಲಾಗಿದೆ.

ಎರಡನೆಯದು ಮೈಸೂರು ಸಂಸ್ಥಾನದ ಗಂಡಭೇರುಂಡ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಕಾಳಗದಲ್ಲಿ ಜೋಧಪುರದ ಅಶ್ವಾರೋಹಿಗಳ ಜೊತೆಗೆ ಮೈಸೂರಿನ ಅಶ್ವಾರೋಹಿಗಳೂ ಇದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳು ಮೈಸೂರು, ಜೋಧಪುರ, ಹೈದರಾಬಾದುಗಳ ಅಶ್ವಸೈನಿಕರ ಸ್ಮಾರಕ. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಪಡೆಗಳು ಭಾರತದ ಸೈನ್ಯದಲ್ಲಿ ಸೇರಿಹೋದುವು. ಗಂಡಭೇರುಂಡದ ಬಿಲ್ಲೆಗೆ ಬ್ರಿಟಿಷ್ ಕಿರೀಟದ ಬದಲಾವಣೆಯ ನಿಯಮವನ್ನು ಅನ್ವಯಿಸಲಾಗದು. ಆ ಪಕ್ಷಿ ಲಂಡನ್ನಿನಲ್ಲಿ ದೊರೆ ಬದಲಾದಾಗಲೆಲ್ಲ ರೂಪ ಬದಲಿಸುತ್ತಿರಲಿಲ್ಲ. ಮೇಲಾಗಿ ಅದು ಅರಮನೆಯ ಲಾಂಛನವೂ ಆಗಿತ್ತು. ಇಂದು ಕರ್ನಾಟಕ ಸರಕಾರದ ಲಾಂಛನವೂ ಹೌದು. ಆದ್ದರಿಂದ ಗಂಡಭೇರುಂಡ ಕಂಡಲ್ಲೆಲ್ಲ ಹೈಫಾದ ವೀರನನ್ನು ಕಾಣುವುದು ಸಾಹಸವಾದೀತು. ಇಂತಹ ಕಡೆ ಬೆನ್ನಿನ ಸಾಧನ, ಬೆಸುಗೆಯ ರೀತಿ, ಲೋಹದ ಸವೆತ ಇವೇ ನಮಗೆ ಉಳಿಯುವ ಆಸರೆ.

ಈ ಎಲ್ಲದರಿಂದ ಕೆಲವು ನಿಯಮಗಳನ್ನು ಸಂಗ್ರಹಿಸಬಹುದು. ಮೊದಲನೆಯದಾಗಿ, ಸಾಧನವು ‘ಇದಕ್ಕಿಂತ ಹಿಂದಿನದಲ್ಲ’ ಎಂಬುದನ್ನು ಮಾತ್ರ ದೃಢವಾಗಿ ಹೇಳುತ್ತದೆ. ‘ಇದಕ್ಕಿಂತ ಈಚಿನದಲ್ಲ’ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಹೊಸ ಕೊಕ್ಕೆ ಹಳೆಯ ಕಾಲಕ್ಕೆ ಹೋಗಲಾರದು. ಹಳೆಯ ಬಗೆಯ ಕೊಕ್ಕೆಯನ್ನು ಇಂದೂ ಮಾಡಬಹುದು. ಎರಡನೆಯದಾಗಿ, ದುರಸ್ತಿಯ ಸಂಭವವನ್ನು ಮರೆಯಬಾರದು. ಮುರಿದ ಕುಣಿಕೆಯನ್ನು ಕಿತ್ತು ಪಿನ್ನು ಬೆಸೆದು, ಮಗನ ಬಿಲ್ಲೆಯನ್ನು ತಾಯಿ ಸೆರಗಿಗೆ ಸಿಕ್ಕಿಸಿಕೊಂಡಿರಬಹುದು. ಆಗ ಹಳೆಯ ಕುಣಿಕೆಯ ಬುಡದ ಗುರುತು ಬೆನ್ನಿನಲ್ಲಿ ಉಳಿದಿರುತ್ತದೆ. ಅಂತಹ ಬಿಲ್ಲೆಗೆ ಎರಡು ಕಾಲಗಳು, ಎರಡೂ ನಿಜ. ಮೂರನೆಯದಾಗಿ, ಒತ್ತಿದ್ದನ್ನೂ ಎರಕ ಹೊಯ್ದದ್ದನ್ನೂ ಬೇರ್ಪಡಿಸಿ ನೋಡಬೇಕು. ಮೂಲದಿಂದ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುವುದರಿಂದ ಪ್ರತಿಕೃತಿ ಮೂಲಕ್ಕಿಂತ ತುಸು ಚಿಕ್ಕದಾಗುತ್ತದೆ, ಮೈಮೇಲೆ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ, ಗೆರೆಗಳು ಮಂಕಾಗಿರುತ್ತವೆ. ನಾಲ್ಕನೆಯದಾಗಿ, ತಯಾರಕರ ಹೆಸರಿನ ಮುದ್ರೆಯೊಂದನ್ನೇ ನೆಚ್ಚಬಾರದು. ಬೆನ್ನಿನ ಪಟ್ಟಿಯ ಮೇಲೆ ಪ್ರಸಿದ್ಧ ತಯಾರಕರ ಹೆಸರುಳ್ಳ ಬಿಲ್ಲೆಗಳಲ್ಲಿಯೂ ಈಚಿನ ಪ್ರತಿಗಳಿವೆ.

ಐದನೆಯ ನಿಯಮವನ್ನು ಬೇರೆಯಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ಮೀರುವವರಲ್ಲಿ ನಮ್ಮಂತಹ ಉಪಾಧ್ಯಾಯರೇ ಹೆಚ್ಚು. ಬಿಲ್ಲೆಯನ್ನು ಹುಣಸೆಹಣ್ಣಿನಿಂದ ತಿಕ್ಕಬಾರದು. ಶಾಲೆಯ ವಸ್ತುಪ್ರದರ್ಶನ ಬಂತೆಂದರೆ ಹಿತ್ತಾಳೆಯೆಲ್ಲ ಫಳಫಳನೆ ಹೊಳೆಯಬೇಕೆಂದು ಮಕ್ಕಳಿಗೆ ಹೇಳಿ ತಿಕ್ಕಿಸುತ್ತೇವೆ. ಬೆಸುಗೆಯ ಸುತ್ತ ಕಟ್ಟಿದ ಕಪ್ಪು, ಕುಣಿಕೆಯ ಸಂದಿನಲ್ಲಿ ನಿಂತ ಬಟ್ಟೆಯ ಎಳೆ, ಪಟ್ಟಿ ಉಜ್ಜಿದ ಜಾಡು ಇವೆಲ್ಲ ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತವೆ. ಸಡಿಲವಾದ ಪಿನ್ನನ್ನು ಕಿತ್ತು ಹೊಸದನ್ನು ಹಾಕಿಸುವುದೂ ಹಾಗೆಯೇ. ಶಾಸನದ ಕಲ್ಲಿಗೆ ಸುಣ್ಣ ಬಳಿಯುವುದನ್ನು ಖಂಡಿಸುವ ನಾವು ಇದನ್ನು ಮಾಡಬಾರದು.

ನಮ್ಮ ಗಡಿನಾಡಿನ ಹಳ್ಳಿಗಳಿಂದ ಸೈನ್ಯಕ್ಕೆ ಹೋದವರಲ್ಲಿ ಬಹುಮಂದಿ ದಿನಚರಿ ಬರೆದವರಲ್ಲ, ಅವರನ್ನು ಕುರಿತು ಗ್ರಂಥಗಳೂ ಹುಟ್ಟಲಿಲ್ಲ. ಅನೇಕರ ಪಾಲಿಗೆ ಉಳಿದ ದಾಖಲೆಯೆಂದರೆ ಪೆಟ್ಟಿಗೆಯ ತಳದ ಒಂದು ಬಿಲ್ಲೆ ಅಥವಾ ಪದಕ. ಮೊದಲನೆಯ ಮಹಾಯುದ್ಧದ ಬೆಳ್ಳಿಯ ಪದಕದ ಅಂಚಿನಲ್ಲಿ ಸಿಪಾಯಿಯ ಅಂಕಿ, ಹೆಸರು, ದಳಗಳನ್ನು ಒತ್ತಿರುವುದುಂಟು. ಅದನ್ನು ಓದದೆಯೇ ತೂಕಕ್ಕೆ ಮಾರಿ ಕರಗಿಸಿದರೆ ಒಬ್ಬ ಮನುಷ್ಯನ ಹೆಸರೇ ಕರಗಿದಂತೆ. ಆದಕಾರಣ ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ತಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ಇಂತಹ ವಸ್ತುವಿದ್ದರೆ ಅದನ್ನು ಕೇಳಿ ತೆಗೆದುಕೊಳ್ಳುವುದು ಬೇಡ. ಅದು ಆ ಮನೆಯಲ್ಲಿಯೇ ಇರಲಿ. ಮುಖದ ಚಿತ್ರವೊಂದು, ಬೆನ್ನಿನ ಚಿತ್ರವೊಂದು, ಅಳತೆ, ಯಾರಿಂದ ಯಾರಿಗೆ ಬಂದಿತೆಂಬ ಎರಡು ಸಾಲು ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಮನೆಯ ಹಿರಿಯರು ಬದುಕಿದ್ದರೆ ಅವರ ಮಾತನ್ನೂ ಬರೆದುಕೊಳ್ಳಲಿ.

ಆ ಹುಡುಗನ ಮನೆಗೆ ನಾನು ಮತ್ತೆ ಹೋಗಿ ತಪ್ಪೊಪ್ಪಿಕೊಂಡೆ. ಬಿಲ್ಲೆಯ ಬೆಲೆ ಕಡಿಮೆಯಾಯಿತೆಂದು ಅವರು ನೊಂದುಕೊಳ್ಳುವರೆಂಬ ಅಳುಕು ನನಗಿತ್ತು. ಅಜ್ಜಿ ಮಾತ್ರ ಅದನ್ನು ಗೂಡಿನಿಂದ ತೆಗೆದು, ಮಗುಚಿ, ಆ ಎರಡು ಮುಚ್ಚಳಗಳನ್ನು ಬೆರಳಿನಿಂದ ಮುಟ್ಟಿ, “ಇದನ್ನು ಅವರೇ ಒತ್ತಿ ಹಾಕಿಕೊಳ್ಳುತ್ತಿದ್ದರು, ನಾನು ನೋಡಿದ್ದೇನೆ” ಎಂದಳು. ಬಳಿಕ ಅದನ್ನು ಮತ್ತೆ ಅದೇ ಗೂಡಿನಲ್ಲಿಟ್ಟಳು.